ಅಂಗೈಯೊಳಗಿನ ಸಂತೆ

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಲ್ಲಿ ಕುಳಿತವನ ಅಂಗೈಯ ಮೊಬೈಲಿಗೂ ಇಂದು ಚನ್ನಪಟ್ಟಣದ ಬೊಂಬೆಗಳು, ಹಾಲೆಮರದ ತುಂಡು ಲೇತ್ ಯಂತ್ರದಲ್ಲಿ ತಿರುಗುತ್ತ ಅರಗಿನ ಬಣ್ಣವೇರುವ ದೃಶ್ಯಸಮೇತವಾಗಿ ಬಂದು ಸೇರುತ್ತವೆ. ಕಣ್ಣು ನಿಂತಷ್ಟು ಹೊತ್ತನ್ನು ಅಳೆಯುವ ಸಾಮಾಜಿಕ ಮಾಧ್ಯಮದ ಆಲ್ಗಾರಿದಮ್ ಅಂಥದ್ದನ್ನೇ ಮತ್ತಷ್ಟು ಉಣಬಡಿಸುತ್ತದೆ. ರಾಜಕೀಯವೂ ಹಾಗೆಯೇ: 2022ರ ಜನವರಿಯಲ್ಲಿ ಮೇಕೆದಾಟು ಅಣೆಕಟ್ಟೆ ಯೋಜನೆಗಾಗಿ ಕನಕಪುರದ ಸಂಗಮದಿಂದ ಹೊರಟ ಕಾಂಗ್ರೆಸ್ ಪಾದಯಾತ್ರೆಯಲ್ಲಿ ನಡೆದವರಿಗಿಂತ ಅದನ್ನು ಮೊಬೈಲಿನಲ್ಲಿ ಕಂಡವರೇ ಅಧಿಕವಿರಬೇಕು.

ಆದರೆ ಈ ಮಾಧ್ಯಮವು ಯಾರ ಆಜ್ಞೆಗೂ ಒಳಪಡುವಂಥದಲ್ಲ. ಚಲನಚಿತ್ರ ಸಮಾರಂಭವೊಂದರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮಗನನ್ನು ಅಕ್ಕರೆಯಿಂದ ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ನುಡಿಯು, 2019ರ ಮಂಡ್ಯ ಲೋಕಸಭಾ ಚುನಾವಣೆಯ ಕಾಲಕ್ಕೆ, ಮದುವೆಮನೆಗಳಲ್ಲಿಯೂ ಮಕ್ಕಳ ಬಾಯಲ್ಲಿಯೂ ನಲಿಯುವ (ನಕ್ಕವರಲ್ಲಿ ನಾನೂ ಒಬ್ಬ) ಮೀಮ್ ಆಗಿ ಪರಿಣಮಿಸಿತು. ಅಲ್ಲಿ ಸ್ಪರ್ಧಿಸಿದ್ದ ನಿಖಿಲ್ ಅವರ ಸೋಲಿಗೆ ಅದೇ ಕಾರಣವೆಂದು ಹೇಳಲಾರೆ. ಪತಿ, ನಟ ಅಂಬರೀಶರ ನಿಧನಾನಂತರ ಎದುರಾಳಿ ಸುಮಲತಾ ಅವರತ್ತ ಹರಿದ ಅನುಕಂಪವೂ ಅಲ್ಲಿ ಪ್ರಬಲವಾಗಿಯೇ ಇದ್ದಿತು.