ಮದ್ಯ, ಹೆದ್ದಾರಿ ಮತ್ತು ಗೃಹಸ್ಥರ ಹೊಣೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣವನ್ನು ದಾಟದ ಮನೆತನ ನಮ್ಮ ಓದುಗರಲ್ಲಿ ವಿರಳ. ನಂಜುಂಡೇಶ್ವರನ ದರ್ಶನಕ್ಕೂ, ಸುತ್ತೂರಿನ ಜಾತ್ರೆಗೂ, ಗುಂಡ್ಲುಪೇಟೆಯ ಬೀಗರ ಮನೆಗೂ ಇದೇ ದಾರಿ. ಕಾಲ್ನಡಿಗೆಯ ಭಕ್ತರು, ಪಾಳಿ ಮುಗಿಸಿ ಮರಳುವ ಕಾರ್ಖಾನೆಯ ನೌಕರರು, ಕೇರಳದ ಲಾರಿಗಳು ಎಲ್ಲವೂ ಇಲ್ಲಿಯೇ. ಈ ರಸ್ತೆಯಲ್ಲಿ ಮದ್ಯ ಸೇವಿಸಿ ವಾಹನ ನಡೆಸುವವನ ಬಗ್ಗೆ ಕಾನೂನು ಏನು ಹೇಳುತ್ತದೆಂಬುದನ್ನು ಗೃಹಸ್ಥರು ಅರಿತಿರಬೇಕು. ‘ನಮ್ಮಲ್ಲಿ ಕುಡಿಯುವವರಿಲ್ಲ’ ಎಂದು ಪುಟ ತಿರುವುವವರಿಗೆ ನಮ್ಮದೊಂದು ಮಾತು: ಅವನ ಎದುರಿಗೆ ಬರುವವರು ನೀವಾಗಿರಬಹುದು.

1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ಮೊದಲು ಚಾಲಕನ ರಕ್ತದಲ್ಲಿ ಮದ್ಯದ ಅಂಶ ಎಷ್ಟೇ ಅಲ್ಪವಿದ್ದರೂ ಅಪರಾಧವೆಂದಿತ್ತು. 1994ರ ತಿದ್ದುಪಡಿಯು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಮಿತಿಯನ್ನು ತಂದಿತು. ನಮಗಂತೂ ಹಳೆಯ ಮಾತೇ ಸ್ಪಷ್ಟವಾಗಿತ್ತೆನಿಸುತ್ತದೆ. ಮಿತಿಯೊಂದಿದ್ದರೆ ಅದರ ಅಂಚಿನವರೆಗೆ ಹೋಗಿ ನೋಡುವುದು ಮನುಷ್ಯ ಸ್ವಭಾವ. ಅಮೆರಿಕದಿಂದ ರಜೆಗೆ ಬಂದ ಮಕ್ಕಳು ‘ಅಲ್ಲಿ ಇಷ್ಟಕ್ಕೆ ತೊಂದರೆಯಿಲ್ಲ’ ಎನ್ನುವುದುಂಟು. ಅಲ್ಲಿಯ ಬಹುತೇಕ ರಾಜ್ಯಗಳ ಮಿತಿ 80 ಮಿಲಿಗ್ರಾಂ; ಯೂಟಾ ರಾಜ್ಯವು 2018ರ ಕೊನೆಯಲ್ಲಿ ಅದನ್ನು 50ಕ್ಕೆ ಇಳಿಸಿತು. ಅಲ್ಲಿಯ ಲೆಕ್ಕ ಮಂಡಕಳ್ಳಿಯಲ್ಲಿ ಇಳಿದ ಮೇಲೆ ನಡೆಯದು. ಅಲ್ಲಿಯೂ ಇಂತಹ ಪ್ರಕರಣದಲ್ಲಿ ಬಂಧಿತನಾದ ವಿದೇಶಿಯನ ವೀಸಾ ರದ್ದಾಗುವುದುಂಟು.

ನಮ್ಮಲ್ಲಿ 2019ರವರೆಗೆ ಮೊದಲ ಅಪರಾಧದ ದಂಡ 2,000 ರೂಪಾಯಿಯಷ್ಟೇ. ಆ ವರ್ಷದ ಸೆಪ್ಟೆಂಬರ್ 1ರಿಂದ ಅದು 10,000 ರೂಪಾಯಿ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ಮರಳಿ ಸಿಕ್ಕಿಬಿದ್ದರೆ 15,000 ರೂಪಾಯಿ ಮತ್ತು ಎರಡು ವರ್ಷಗಳವರೆಗಿನ ಸೆರೆಗೆ ಅವಕಾಶವಿದೆ. ಇದು ರಸ್ತೆಯಲ್ಲೇ ಹಣ ಕಟ್ಟಿ ಮುಗಿಸುವ ಅಪರಾಧವಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ಚಾಲನಾ ಪರವಾನಗಿ ಅಮಾನತಾಗುವುದು ಬೇರೆ. ಉಸಿರಿನ ಪರೀಕ್ಷೆಗೆ ಒಪ್ಪದಿದ್ದರೆ ಪಾರಾಗಬಹುದೆಂಬುದೂ ಭ್ರಮೆ. ಆ ನಿರಾಕರಣೆಯನ್ನೇ ಆರೋಪಕ್ಕೆ ಪೋಷಕವಾದ ಸಾಕ್ಷ್ಯವೆಂದು ಪರಿಗಣಿಸಲು ಕಾಯಿದೆಯಲ್ಲಿ ಆಸ್ಪದವಿದೆ.

ಜೀವಹಾನಿಯಾದರೆ ಪರಿಸ್ಥಿತಿಯೇ ಬೇರೆ. 2006ರ ನವೆಂಬರಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯ ಪಕ್ಕದಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಜನ ಅಸುನೀಗಿದರು. ಚಾಲಕನು ಮದ್ಯ ಸೇವಿಸಿದ್ದನು. ಇದು ಬರಿಯ ಅಜಾಗರೂಕತೆಯಲ್ಲ, ಕೊಲೆಯಲ್ಲದ ದಂಡಾರ್ಹ ನರಹತ್ಯೆ ಎಂಬ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು. ಶಿಕ್ಷೆ ಮಾತ್ರ ಮೂರು ವರ್ಷ. ಏಳು ಮನೆಗಳ ದೀಪ ಆರಿದ್ದಕ್ಕೆ ಅದು ಅಲ್ಪವೆಂಬ ಭಾವನೆ ನಮ್ಮದು.

ಹಿರಿಯರು ವಿಶೇಷವಾಗಿ ಗಮನಿಸಬೇಕಾದುದು 188ನೆಯ ಕಲಮು. ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅಪರಾಧಿಯ ಶಿಕ್ಷೆಯೇ. ಬೀಗರೂಟ ಮುಗಿದ ರಾತ್ರಿ, ಅಳಿಯನ ಬಾಯಿಯ ವಾಸನೆ ಬಲ್ಲವರೇ ‘ಮೆಲ್ಲಗೆ ಓಡಿಸಿಕೊಂಡು ಹೋಗಪ್ಪಾ’ ಎಂದು ಬೀಗದ ಕೈ ಕೊಡುವುದನ್ನು ನಾವು ಕಂಡಿದ್ದೇವೆ. ಅದು ದಾಕ್ಷಿಣ್ಯವೆಂದು ನ್ಯಾಯಾಲಯ ಬಿಟ್ಟುಬಿಡಬೇಕೆಂದೇನೂ ಇಲ್ಲ.

ಇನ್ನು ವಿಮೆ. ಕುಡಿದು ನಡೆಸಿದ ವಾಹನದ ಸ್ವಂತ ಹಾನಿಗೆ ವಿಮಾ ಕಂಪನಿ ಹಣ ಕೊಡುವುದಿಲ್ಲ. ಸತ್ತವರ ಕುಟುಂಬಕ್ಕೆ ಕಂಪನಿ ಮೊದಲು ಪರಿಹಾರ ಕೊಟ್ಟು, ಬಳಿಕ ಅದನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಆದೇಶಿಸಿದ್ದುಂಟು. ಮಾಲೀಕನೆಂದರೆ ಅನೇಕ ವೇಳೆ ಮಗನಲ್ಲ, ನೋಂದಣಿ ಪತ್ರದಲ್ಲಿ ಹೆಸರಿರುವ ತಂದೆ. ವಸೂಲಾಗುವುದು ಅವರ ಹೊಲ ಮನೆಗಳಿಂದ.