ಮನೆಗೊಂದು ಕಬ್ಬಿಣದ ಬಾಣಲೆ

ದಿನನಿತ್ಯದ ಅಡುಗೆಗೆ ಒಂದೇ ಒಂದು ಪಾತ್ರೆಯ ಮೇಲೆ ನಾಲ್ಕು ಕಾಸು ಹೆಚ್ಚು ಹಾಕುವುದಾದರೆ ಅದು ದಪ್ಪನೆಯ ಎರಕದ ಕಬ್ಬಿಣದ ಬಾಣಲೆಯ ಮೇಲಿರಲಿ. ಹುರಿಯುವುದು, ಬಾಡಿಸುವುದು, ಕರಿಯುವುದು, ಒಗ್ಗರಣೆ ಹಾಕುವುದು, ಇವೆಲ್ಲಕ್ಕೂ ಬೇಕಾದದ್ದು ಒಂದೇ ಸಮನಾಗಿ ನಿಲ್ಲುವ ಕಾವು. ಕಬ್ಬಿಣ ಅಲ್ಯೂಮಿನಿಯಂನಷ್ಟು ಬೇಗ ಕಾಯುವುದಿಲ್ಲ, ನಿಜ. ಆದರೆ ದಪ್ಪ ಬಾಣಲೆ ಒಮ್ಮೆ ಕಾದರೆ ಸುಲಭಕ್ಕೆ ತಣಿಯುವುದೂ ಇಲ್ಲ. ಬೆಂಡೆಕಾಯಿ ಪಲ್ಯವನ್ನೇ ನೋಡಿ. ತೆಳು ಬಾಣಲೆಗೆ ಹೋಳು ಸುರಿದ ಕೂಡಲೇ ಕಾವು ಇಳಿಯುತ್ತದೆ, ಲೋಳೆ ಎಳೆಎಳೆಯಾಗಿ ಸೌಟಿಗೆ ಸುತ್ತಿಕೊಳ್ಳುತ್ತದೆ. ಕಬ್ಬಿಣದಲ್ಲಿ ಅದೇ ಲೋಳೆ ಬೇಗ ಆರಿ, ಹೋಳಿನ ಅಂಚು ಕೆಂಪಗಾಗಿ, ಪಲ್ಯ ಬಿಡಿಬಿಡಿಯಾಗುತ್ತದೆ. ಚಟ್ನಿಪುಡಿಯ ಕಡಲೆಬೇಳೆಯೂ ಸಣ್ಣ ಉರಿಯಲ್ಲಿ ಒಳಗಿನವರೆಗೆ ಹದವಾಗಿ ಹುರಿಯುತ್ತದೆ. ಒಲೆ ಆರಿಸಿದ ಮೇಲೂ ಬಾಣಲೆ ಕಾಯ್ದಿರುವುದರಿಂದ ಬೇಳೆಯನ್ನು ತಕ್ಷಣ ತಟ್ಟೆಗೆ ಸುರಿಯಬೇಕು, ಅಷ್ಟೇ.

ಅಂಟುತ್ತದೆ, ತುಕ್ಕು ಹಿಡಿಯುತ್ತದೆ ಎಂಬುದು ಹಳೆಯ ದೂರು. ಎರಡಕ್ಕೂ ಮದ್ದು ಪಳಗಿಸುವುದು. ತೊಳೆದು ಒಣಗಿಸಿದ ಬಾಣಲೆಗೆ ತೆಳುವಾಗಿ ಎಣ್ಣೆ ಸವರಿ ಹೊಗೆಯಾಡುವವರೆಗೆ ಕಾಯಿಸಿದರೆ ಎಣ್ಣೆ ಗಟ್ಟಿಯಾದ ಪದರವಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಹೀಗೆ ನಾಲ್ಕಾರು ಸಲ ಮಾಡಿದರೆ ಕಪ್ಪು ಹೊಳಪು ಬರುತ್ತದೆ. ಎಣ್ಣೆ ಹೆಚ್ಚಾದರೆ ಮಾತ್ರ ಜಿಗುಟು ಉಳಿಯುತ್ತದೆ. ನಾನ್‌ಸ್ಟಿಕ್ ಇಷ್ಟು ಆರೈಕೆ ಬೇಡುವುದಿಲ್ಲ ಎನ್ನಬಹುದು. ಆದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಕೆಡತೊಡಗುತ್ತದೆ, ಲೇಪ ಎದ್ದುಬಂದ ಪಾತ್ರೆಯನ್ನು ಮನೆಯಲ್ಲಿ ಸರಿಪಡಿಸಲಾಗದು. ಕಬ್ಬಿಣದ ಪದರ ಹೋದರೆ ತಿಕ್ಕಿ ಮತ್ತೆ ಪಳಗಿಸಿದರಾಯಿತು.

ಹುಳಿಯ ವಿಷಯದಲ್ಲಿ ಮಾತ್ರ ಆಕ್ಷೇಪವನ್ನು ಒಪ್ಪಲೇಬೇಕು. ಹುಣಸೆಹಣ್ಣು, ಟೊಮೆಟೊ ಆ ಪದರವನ್ನು ತಿಂದು ಕಬ್ಬಿಣವನ್ನು ಕರಗಿಸುತ್ತವೆ. ಗೊಜ್ಜು ಕಪ್ಪಾಗಿ ಲೋಹದ ರುಚಿ ಬರುತ್ತದೆ. ಗೊಜ್ಜು, ಸಾರು ಸ್ಟೀಲ್ ಪಾತ್ರೆಯಲ್ಲೇ ಕುದಿಯಲಿ. ಉಳಿದ ಅಡುಗೆಗೆ ಸೇರುವ ಅಲ್ಪ ಕಬ್ಬಿಣ ಬಹುತೇಕರಿಗೆ ಲಾಭವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಹಾಗೆಂದು ಬಾಣಲೆ ವೈದ್ಯರು ಕೊಟ್ಟ ಮಾತ್ರೆಗೆ ಬದಲಿಯಲ್ಲ. ಥಲಸ್ಸೇಮಿಯಾ ಇರುವವರು, ದೇಹದಲ್ಲಿ ಕಬ್ಬಿಣ ಹೆಚ್ಚಾಗಿರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಭಾರದ ದೂರಿಗೆ ಉತ್ತರ ಕೊಳ್ಳುವಾಗಲೇ ಸಿಗುತ್ತದೆ. ಎರಡು ಹಿಡಿಯಿರುವುದನ್ನೇ ಆರಿಸಿ, ಇಂಡಕ್ಷನ್ ಒಲೆಯಿದ್ದರೆ ತಳ ಚಪ್ಪಟೆಯಾಗಿರಲಿ. ಅಂಗಡಿಯಲ್ಲೇ ಎತ್ತಿ, ವಾಲಿಸಿ ನೋಡಿ. ಖಾಲಿ ಬಾಣಲೆಗೇ ಕೈ ಸೋತರೆ ಒಂದು ಅಳತೆ ಚಿಕ್ಕದನ್ನು ತನ್ನಿ.