ನಿಮಗಿದು ಗೊತ್ತೇ? ಬಾಳೆಕಾಯಿಗೆ ‘ಇನ್ನು ಹಣ್ಣಾಗು’ ಎನ್ನುವವರು ಯಾರು?

● ಕಮಲಾಪುರ, ಹಂಪಿ ಸುತ್ತಿನ ಬಾಳೆತೋಟಗಳಿಗೆ ವಿಜಯನಗರದ ಅರಸರು ತೋಡಿಸಿದ ತುರ್ತು ಕಾಲುವೆಯ ನೀರು ಇವತ್ತಿಗೂ ಹರಿಯುತ್ತದೆ. ಇಲ್ಲಿನ ಸುಗಂಧಿ ಗೊನೆಯನ್ನು ಕಾಯಿದ್ದಾಗಲೇ ಕಡಿಯುತ್ತಾರೆ. ಗಿಡದ ನಂಟು ಕಳಚಿದ ಮೇಲೂ ಕಾಯಿ ಹಣ್ಣಾಗುತ್ತದಲ್ಲ, ಅದಕ್ಕೆ ಅಪ್ಪಣೆ ಕೊಡುವುದು ಎಥಿಲೀನ್ ಎಂಬ ಅನಿಲ. ಅದನ್ನು ತಯಾರಿಸುವುದೂ ಕಾಯಿಯೇ!

● ಈ ಅನಿಲವನ್ನು ಗುರುತು ಹಿಡಿಯಲೆಂದೇ ಜೀವಕೋಶದೊಳಗೆ ಗ್ರಾಹಕ ಪ್ರೋಟೀನುಗಳಿವೆ. ಅನಿಲ ಕೂರುವ ಜಾಗದಲ್ಲಿ ಒಂದು ತಾಮ್ರದ ಅಯಾನು. ಸ್ವಾರಸ್ಯ ಇರುವುದು ಮುಂದೆ. ಎಥಿಲೀನ್ ಇಲ್ಲದಾಗ ಈ ಗ್ರಾಹಕಗಳು ಸುಮ್ಮನಿರುವುದಿಲ್ಲ, ಹಣ್ಣಾಗುವುದನ್ನು ತಡೆಹಿಡಿದಿರುತ್ತವೆ. ಎಥಿಲೀನ್ ಬಂದು ಕೂತರೆ ತಡೆ ಸಡಿಲವಾಗುತ್ತದೆ. ಆಮೇಲೆ ಪಿಷ್ಟ ಸಕ್ಕರೆಯಾಗುತ್ತದೆ, ಸಿಪ್ಪೆಯ ಹಸಿರು ಕರಗುತ್ತದೆ, ಎಥಿಲೀನ್ ಇನ್ನಷ್ಟು ಹುಟ್ಟುತ್ತದೆ. ಗೊನೆಯ ಮೇಲಿನ ಚಿಪ್ಪು ವಯಸ್ಸಿನಲ್ಲಿ ಹಿರಿದು, ಅದೇ ಮೊದಲು ಹಳದಿಗೆ ತಿರುಗುವುದು. ಕೆಳಗಿನ ಚಿಪ್ಪುಗಳಿಗೂ ಅದರ ಅನಿಲ ತಾಗುತ್ತದೆ.

● ಕಾಯಿಯನ್ನು ಕೋಣೆಯಲ್ಲಿ ಮುಚ್ಚಿಟ್ಟು ಹೊಗೆ ಹಾಕುತ್ತಿದ್ದ ಹಿರಿಯರಿಗೆ ಎಥಿಲೀನ್ ಹೆಸರು ಗೊತ್ತಿರಲಿಲ್ಲ. ಆದರೆ ಹೊಗೆಯಲ್ಲಿ ಅದು ಇದ್ದೇ ಇತ್ತು.

● ಕಾರ್ಬೈಡ್ ಪುಡಿಗೆ ತೇವ ತಗುಲಿದರೆ ಬರುವುದು ಅಸಿಟಲೀನ್. ಎಥಿಲೀನಿನ ಹತ್ತಿರದ ನೆಂಟ. ಗ್ರಾಹಕವೂ ಮೋಸ ಹೋಗುತ್ತದೆ. ಪುಡಿಯಲ್ಲಿ ಆರ್ಸೆನಿಕ್, ರಂಜಕದ ಕಲಬೆರಕೆ ಇರುವುದರಿಂದ ಹಣ್ಣು ಮಾಗಿಸಲು ಅದನ್ನು ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ. ಎಥಿಲೀನ್ ಅನಿಲಕ್ಕೆ ಮಾತ್ರ ಮಿತಿಯೊಳಗೆ ಅನುಮತಿಯಿದೆ.

● ಎಥಿಲೀನ್ ಗಿಡಗಳಿಗೆ ಸಂಕೇತ ಎಂದು 1901ರಲ್ಲಿ ತೋರಿಸಿದವರು ರಷ್ಯಾದ ನೆಲ್ಯುಬೋವ್. ಪ್ರಯೋಗಾಲಯದ ದೀಪದ ಗ್ಯಾಸು ಸೋರಿ ಬಟಾಣಿ ಸಸಿಗಳು ವಕ್ರವಾಗಿ ಬೆಳೆದಿದ್ದವು.

● ಹೊಸಪೇಟೆಯಲ್ಲಿ ಒಗ್ಗರಣೆ ಮಂಡಕ್ಕಿ ಜತೆ ಮಿರ್ಚಿ ಕಚ್ಚಿದಾಗ ಬಾಯಿ ಉರಿಯುತ್ತದೆ, ಸುಡುವುದಿಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವ ನರಕೋಶದ ಬಾಗಿಲನ್ನು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಾನೇ ತೆರೆಯುತ್ತದೆ. ಮಿದುಳಿಗೆ ಹೋಗುವ ಸುದ್ದಿ ಬೆಂಕಿಯದೇ. ಈ ಬಾಗಿಲನ್ನು 1997ರಲ್ಲಿ ಪತ್ತೆ ಹಚ್ಚಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಉರಿಗೆ ನೀರು ಕುಡಿದು ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ಅದರಲ್ಲಿ ಕರಗದು. ಹಾಲೋ ಮೊಸರೋ ವಾಸಿ.

● ಗಿಣಿಗೆ ಖಾರವೇ ಇಲ್ಲ. ಅದಕ್ಕೂ ಇಂಥದೇ ಬಾಗಿಲಿದೆ, ಕ್ಯಾಪ್ಸೈಸಿನ್ ಅಲ್ಲಿ ಹಿಡಿತಕ್ಕೆ ಸಿಗುವುದಿಲ್ಲ.

● 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಕಮಲಾಪುರದ ಪಕ್ಕದಲ್ಲೇ ಇದೆ. ವೀಕ್ಷಣಾ ಗೋಪುರದಿಂದ ಕರಡಿ ನೋಡುವುದು ಸುಖ. ಎದುರಿಗೇ ಬಂದರೆ ರಕ್ತಕ್ಕೆ ಅಡ್ರಿನಲಿನ್ ನುಗ್ಗುತ್ತದೆ. ಅಡ್ರಿನಲಿನ್ ಒಂದೇ, ಕೇಳಿಸಿಕೊಳ್ಳುವ ಗ್ರಾಹಕ ಬೇರೆ ಬೇರೆ: ಎದೆ ಡವಡವ, ಚರ್ಮದ ರಕ್ತನಾಳ ಬಿಗಿ, ಶ್ವಾಸನಾಳ ಮಾತ್ರ ಸಡಿಲ, ಯಕೃತ್ತಿನಿಂದ ಸಕ್ಕರೆ ಬಿಡುಗಡೆ.

● ಅಸ್ತಮಾದವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಪಂಪ್ ಮುಟ್ಟುವುದು ಮುಖ್ಯವಾಗಿ ಶ್ವಾಸನಾಳದ ಆ ಗ್ರಾಹಕವನ್ನೇ. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಹೃದಯದ ಗ್ರಾಹಕದ ಜತೆಗೆ ಇದನ್ನೂ ಮುಚ್ಚಿಬಿಡುತ್ತದೆ. ಅದಕ್ಕೇ ಅದನ್ನು ಬರೆಯುವ ಮೊದಲು ಡಾಕ್ಟರು ಉಬ್ಬಸ ಉಂಟೇ ಎಂದು ವಿಚಾರಿಸುವುದು.